ಮರ ಕಡಿದು ಸಸಿ ನೆಟ್ಟರೆ ಲೆಕ್ಕ ಸರಿಹೋಗುತ್ತಾ?

ಮಾನ್ಯ ಸಂಪಾದಕರೇ,

ನಮ್ಮ ಊರನ್ನು ‘ಕಾರ್ಬನ್ ನ್ಯೂಟ್ರಲ್’ ಮಾಡುವ, ಅಂದರೆ ಊರು ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ಹೀರಿಕೊಳ್ಳುವ ಹಾಗೆ ಮಾಡುವ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ, ಸಸಿ ನೆಡುವ ಫೋಟೊ ಕೂಡ ನೋಡಿದೆ. ಓದಿ ಹೊಟ್ಟೆ ಉರಿಯಿತು. ಅಲ್ಲಿ ಸಸಿ ನೆಡುತ್ತಿದ್ದ ಹೊತ್ತಿಗೇ ಇಲ್ಲಿ ಕೆರೆ ಏರಿ ರಸ್ತೆಯಲ್ಲಿ ಒಂಬತ್ತು ಹೊಂಗೆ ಮರಗಳನ್ನು ಉರುಳಿಸುತ್ತಿದ್ದರು. ನಾನು ಗೇಟಿನ ಹತ್ತಿರವೇ ನಿಂತಿದ್ದೆ.

ಬೆಳಿಗ್ಗೆ ಏಳಕ್ಕೆ ತೆಗೆದ ಕರೆಂಟ್ ಬಂದಿದ್ದು ಸಂಜೆ ಆರೂವರೆಗೆ. ಸಂಪಿನ ನೀರು ಮೇಲಿನ ಟ್ಯಾಂಕಿಗೆ ಹತ್ತಲಿಲ್ಲ. ಕೊಂಬೆಯೊಂದು ಗೇಟಿಗೆ ಅಡ್ಡ ಬಿದ್ದು ಸ್ಕೂಟರ್ ತೆಗೆಯೋಕೇ ಆಗಲಿಲ್ಲ. ಮಗಳು ಕಾಲೇಜಿಗೆ ನಡೆದುಕೊಂಡು ಹೋದಳು. ರಾತ್ರಿ ಸೊಪ್ಪು, ಸಣ್ಣ ರೆಂಬೆಗಳನ್ನೆಲ್ಲ ಮೋರಿ ಪಕ್ಕ ರಾಶಿ ಹಾಕಿ ಬೆಂಕಿ ಇಟ್ಟರು. ಹಸಿ ಸೊಪ್ಪು, ಉರಿಯೋದು ಕಮ್ಮಿ, ಹೊಗೆಯೇ ಜಾಸ್ತಿ. ಉಬ್ಬಸ ಇರುವ ನಮ್ಮತ್ತೆ ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದರು. ಕಸ, ಎಲೆ ಬೀದಿಯಲ್ಲಿ ಸುಡಬಾರದು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. ಮರ ಹಿಡಿದಿಟ್ಟ ಇಂಗಾಲದಲ್ಲಿ ಒಂದಿಷ್ಟನ್ನು ಒಂದೇ ರಾತ್ರಿ ಗಾಳಿಗೆ ಬಿಟ್ಟವರು ಇನ್ಯಾವ ಇಂಗಾಲ ಉಳಿಸುತ್ತಾರೆ?

ಯಾಕೆ ಕಡಿಯುತ್ತಿದ್ದೀರಿ ಅಂತ ಕೇಳಿದೆ. ಚರಂಡಿ ಕೆಲಸ ಅಂದರು. ಆದೇಶ ತೋರಿಸಿ ಅಂದರೆ ಸಾಹೇಬರ ಹತ್ತಿರ ಇದೆಯಂತೆ. ಕಚೇರಿಗೆ ಫೋನ್ ಮಾಡಿದರೆ ಸಾಹೇಬರು ಕಾರ್ಯಕ್ರಮಕ್ಕೆ ಹೋಗಿದ್ದಾರೆ ಅಂದರು. ಮರ ಕಡಿಯೋಕೆ ಮೊದಲು ವೃಕ್ಷಾಧಿಕಾರಿಯ ಅನುಮತಿ ಬೇಕು ಅಂತ ನಮ್ಮ ರಾಜ್ಯದಲ್ಲಿ 1976ರಿಂದ ಕಾನೂನಿದೆ. 50ಕ್ಕಿಂತ ಜಾಸ್ತಿ ಮರ ಆದರೆ ಜನರ ಆಕ್ಷೇಪಣೆಯನ್ನೂ ಕೇಳಬೇಕು. ನಮ್ಮ ಬೀದಿಯದು ಒಂಬತ್ತೇ ಅಂತ ಬೀದಿಯವರಿಗೆ ಒಂದು ಮಾತೂ ಹೇಳಬಾರದಾ?

ಮೂಲೆಯ ಹೊಂಗೆ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಅಜ್ಜ ಈಗ ಲೈಟ್ ಕಂಬದಿಂದ ಕಾಂಪೌಂಡಿಗೆ ಹಳೇ ಸೀರೆಯೊಂದನ್ನು ಕಟ್ಟಿಕೊಂಡಿದ್ದಾರೆ. ಮುಂದೆ ಇಸ್ತ್ರಿ ಪೆಟ್ಟಿಗೆಯ ಕೆಂಡ, ಮೇಲೆ ಬಿಸಿಲು. ಹೊಂಗೆ ನೆರಳಿನ ತಂಪು ಸೀರೆಯಿಂದ ಬರುತ್ತಾ? ಹೋದ ವರ್ಷ ಇದೇ ರಸ್ತೆಯಲ್ಲಿ ನೆಟ್ಟ ಸಸಿಗಳ ಗತಿ ಏನಾಗಿದೆ ಅಂತ ಒಬ್ಬರಾದರೂ ಬಂದು ನೋಡಲಿ. ಕಬ್ಬಿಣದ ಬೇಲಿ ಇದೆ, ದಾನಿಗಳ ಹೆಸರಿನ ಫಲಕ ಇದೆ, ಒಳಗೆ ಒಣಗಿದ ಕಡ್ಡಿ ಮತ್ತು ಟೀ ಲೋಟಗಳಿವೆ. ಬೇಸಿಗೆಯಲ್ಲಿ ಒಂದು ಬಿಂದಿಗೆ ನೀರು ಹಾಕಿದವರಿಲ್ಲ.

ಮೈಸೂರಿನಿಂದ ಕಲ್ಲಿಕೋಟೆಗೆ ಹೋಗುವಾಗ ಸುಲ್ತಾನ್ ಬತ್ತೇರಿ ದಾಟಿದರೆ ಮೀನಂಗಾಡಿ ಸಿಗುತ್ತದೆ. ಕೇರಳದ ವಯನಾಡಿನ ಒಂದು ಗ್ರಾಮ ಪಂಚಾಯಿತಿ ಅದು. ಊರನ್ನು ಕಾರ್ಬನ್ ನ್ಯೂಟ್ರಲ್ ಮಾಡುವ ಕೆಲಸವನ್ನು ಅವರು 2016ರಲ್ಲೇ ಶುರು ಮಾಡಿದರು. ಊರು ಎಷ್ಟು ಇಂಗಾಲ ಬಿಡುತ್ತದೆ, ಎಷ್ಟು ಹೀರುತ್ತದೆ ಅಂತ ಲೆಕ್ಕ ಹಾಕಿದರು. ರೈತರು ಬ್ಯಾಂಕಿನಲ್ಲಿ ಮರವನ್ನೇ ಅಡವಿಟ್ಟು ಸಾಲ ಪಡೆಯುವ ಹಾಗೆ ಮಾಡಿದರು. ಮರಕ್ಕೆ ವರ್ಷಕ್ಕೆ 50 ರೂಪಾಯಿ, ಬಡ್ಡಿ ಇಲ್ಲ. ಮರ ಕಡಿದರೆ ಸಾಲ ತೀರಿಸಬೇಕು. ಅಂದರೆ ನಿಂತಿರುವ ಮರಕ್ಕೇ ಬೆಲೆ. ನಮ್ಮವರಿಗೆ ಇದು ಯಾಕೆ ಹೊಳೆಯೋದಿಲ್ಲ?

ನಮ್ಮ ಊರಿನ ಅಧಿಕಾರಿಗಳು ಹಿಂದೆ ಮಾಡಿದ್ದೂ ಇದೇ. ಕೆರೆ ಅಭಿವೃದ್ಧಿ ಅಂತ ಸುತ್ತ ಕಲ್ಲು ಕಟ್ಟಿ, ವಾಕಿಂಗ್ ದಾರಿ ಮಾಡಿ, ನೀರು ಬರುವ ಕಾಲುವೆಯನ್ನೇ ಮುಚ್ಚಿಬಿಟ್ಟರು. ಈಗ ಮಳೆ ಬಂದರೆ ನೀರು ಕೆರೆಗೆ ಹೋಗಲ್ಲ, ನಮ್ಮ ಮನೆಗಳಿಗೆ ನುಗ್ಗುತ್ತದೆ. ಬೀದಿ ದೀಪ ಹಗಲು ಹನ್ನೊಂದಕ್ಕೂ ಉರಿಯುತ್ತಿರುತ್ತದೆ. ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಮೂರು ಸ್ವೀಕೃತಿ ಚೀಟಿ ನನ್ನ ಹತ್ತಿರ ಇವೆ, ದೀಪ ಮಾತ್ರ ಆರಿಲ್ಲ. ಮನೆ ಮೇಲೆ ಸೋಲಾರ್ ಹಾಕಿಸಿ ಅಂತ ನಮಗೆ ಭಾಷಣ ಮಾಡುತ್ತಾರೆ. ಹಾಕಿಸಿದವರು ಅದರ ಕರೆಂಟ್ ಲೆಕ್ಕ ಹಾಕುವ ಮೀಟರಿಗಾಗಿ ತಿಂಗಳುಗಟ್ಟಲೆ ಅಲೆಯುತ್ತಿದ್ದಾರೆ.

ಮರ ಕಡಿಸಿದವರು ಯಾರು ಅಂತ ಗೊತ್ತಾಗಬೇಕು, ಅವರ ಮೇಲೆ ಕ್ರಮ ಆಗಬೇಕು. ಚರಂಡಿ ಕೆಲಸವನ್ನೂ ಬೇಗ ಮುಗಿಸಲಿ, ಗುಂಡಿ ಬಾಯಿ ತೆರೆದುಕೊಂಡು ಬಿದ್ದಿದೆ. ಸಂಬಳ ತೆಗೆದುಕೊಳ್ಳುವವರು ಒಮ್ಮೆಯಾದರೂ ಬೀದಿಗೆ ಇಳಿದು ನೋಡಬೇಕು. ನಾಚಿಕೆ ಆಗಬೇಕು ಇವರಿಗೆ. ಅರಳೀಕಟ್ಟೆ ಪಕ್ಕ ಇನ್ನೂ ಎರಡು ಹೊಂಗೆ ಉಳಿದಿವೆ. ಅವಕ್ಕೂ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ. ಮೊದಲು ಅದನ್ನು ಅಳಿಸಿ.

– ಕೆರೆ ಏರಿ ರಸ್ತೆಯ ನಿವಾಸಿ