ಡಿಸ್ಕ್ ವೇಗದಲ್ಲಿ ಬಿಡುವಾದ ಮೆಮೊರಿ ಬ್ಲಾಕಿನ ಪಾಲು

ಮಾನ್ಯ ಸಂಪಾದಕರೇ,

ಎಸ್‌ಎಸ್‌ಡಿ ಕೊಳ್ಳುವವರಿಗೆ ಸಲಹೆ ಕೊಡುವ ಬರಹಗಳು ಪತ್ರಿಕೆಗಳ ತಂತ್ರಜ್ಞಾನ ಪುಟದಲ್ಲಿ ಆಗಾಗ ಬರುತ್ತವೆ. ಚಿಪ್ ಯಾವುದು, ಪಿಸಿಐಇ ಎಷ್ಟನೇ ತಲೆಮಾರು, ಸೆಕೆಂಡಿಗೆ ಎಷ್ಟು ಗಿಗಾಬೈಟ್ ಎಂಬ ವಿವರ ಅವುಗಳಲ್ಲಿ ತುಂಬಿರುತ್ತದೆ. ಡ್ರೈವ್‌ಗೂ ನಮ್ಮ ಪ್ರೋಗ್ರಾಮಿಗೂ ನಡುವೆ ಇರುವ ಡ್ರೈವರ್ ತಂತ್ರಾಂಶದ ಸುದ್ದಿಯೇ ಇರುವುದಿಲ್ಲ. ಒಂದೇ ಪ್ರೊಸೆಸರ್ ಕೋರ್ ಸೆಕೆಂಡಿಗೆ ಹತ್ತು ಲಕ್ಷ ಓದುಗಳನ್ನು ನಿಭಾಯಿಸಬೇಕಾದರೆ ಒಂದೊಂದಕ್ಕೆ ಸಿಗುವುದು ಒಂದು ಮೈಕ್ರೊಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರಿನಲ್ಲಿ ಅದು 3,000 ಸೈಕಲ್ (ಗಡಿಯಾರದ ಮಿಡಿತ). ಅಷ್ಟರೊಳಗೆ ಮೆಮೊರಿ ಕೇಳಿ ಪಡೆಯುವುದು, ಹಿಂದಿರುಗಿಸುವುದು ಎರಡೂ ಆಗಬೇಕು. ಈ ಕೊಡು-ಕೊಳ್ಳುವಿಕೆ ಒರಟಾಗಿದ್ದರೆ ಎಷ್ಟು ದುಬಾರಿ ಡ್ರೈವ್ ಹಾಕಿದರೂ ಅದರ ವೇಗ ಕೈಗೆ ಸಿಗುವುದಿಲ್ಲ.

ವೇಗದ ಎಸ್‌ಎಸ್‌ಡಿಗಳೊಡನೆ ಎನ್‌ವಿಎಂಇ ಎಂಬ ನಿಯಮಾವಳಿಯಲ್ಲಿ ವ್ಯವಹರಿಸುವ ಲಿನಕ್ಸ್ ಡ್ರೈವರನ್ನೇ ತೆಗೆದುಕೊಳ್ಳೋಣ. ಡ್ರೈವ್‌ಗೆ ಹೋಗುವ ಪ್ರತಿ ಆದೇಶ 64 ಬೈಟ್. ದತ್ತಾಂಶ ಮೆಮೊರಿಯ ಯಾವ ಪೇಜಿಗೆ (ನಿಗದಿತ ಗಾತ್ರದ ತುಂಡಿಗೆ) ಬರಬೇಕು ಎಂದು ತಿಳಿಸಲು ಅದರಲ್ಲಿ ಎರಡು ವಿಳಾಸಗಳಿಗಷ್ಟೇ ಜಾಗ. 4,096 ಬೈಟಿನ ಎರಡು ಪೇಜ್‌ಗಳಿಗಿಂತ ದೊಡ್ಡ ಕೆಲಸವಾದರೆ ಮೊದಲ ವಿಳಾಸವನ್ನು ಆದೇಶದಲ್ಲಿ ಬರೆದು, ಉಳಿದವನ್ನು ಬೇರೊಂದು ಪಟ್ಟಿಯಲ್ಲಿ ಬರೆದು, ಎರಡನೇ ಜಾಗದಲ್ಲಿ ಆ ಪಟ್ಟಿಯ ವಿಳಾಸ ಕೊಡಬೇಕು. 128 ಕಿಲೋಬೈಟ್ ಓದಿಗೆ 32 ಪೇಜ್. ಪಟ್ಟಿಗೆ 31 ನಮೂದು, ತಲಾ 8 ಬೈಟ್, ಒಟ್ಟು 248. ಬಫರ್ ಪೇಜಿನ ಅಂಚಿಗೆ ಸರಿಯಾಗಿ ಕೂರದಿದ್ದರೆ ಇನ್ನೊಂದು ನಮೂದು ಸೇರಿ 256. ಅದಕ್ಕೇ ಡ್ರೈವರ್ ಸಣ್ಣ ಪಟ್ಟಿಗಳಿಗೆಂದು 256 ಬೈಟ್ ಬ್ಲಾಕ್‌ಗಳ ಪೂಲ್ (ಮರುಬಳಕೆಗೆ ಕೂಡಿಟ್ಟ ಸಂಗ್ರಹ) ಇಟ್ಟುಕೊಂಡಿದೆ, ದೊಡ್ಡವಕ್ಕೆ ಇಡೀ ಪೇಜಿನ ಬೇರೆ ಪೂಲ್.

ಬೇಕಾದಾಗಲೆಲ್ಲ ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದ ಹೊಸದಾಗಿ ಡಿಎಂಎ ಮೆಮೊರಿ (ಸಾಧನವೇ ನೇರವಾಗಿ ಓದಿ ಬರೆಯಬಲ್ಲ ಮೆಮೊರಿ) ಕೇಳಿದರೆ ಅದು ಪೇಜ್ ಲೆಕ್ಕದಲ್ಲೇ ಕೊಡುತ್ತದೆ. 256 ಬೈಟಿಗಾಗಿ 4,096 ಬೈಟ್ ಹೋಗುತ್ತದೆ. ಸಾಧನಗಳು ಯಾವ ಮೆಮೊರಿ ಮುಟ್ಟಬಹುದೆಂದು ನಿಯಂತ್ರಿಸುವ ಐಒಎಂಎಂಯು ಘಟಕ ಇರುವ ಯಂತ್ರದಲ್ಲಿ ಸಾಧನಕ್ಕೆ ಆ ವಿಳಾಸ ತೆರೆದುಕೊಡುವ ಮ್ಯಾಪಿಂಗ್ ಕೆಲಸ ಬೇರೆ. ಒಂದು ಪೇಜನ್ನು ಒಮ್ಮೆ ಪಡೆದು 16 ಬ್ಲಾಕ್ ಮಾಡಿಟ್ಟು, ಕೆಲಸ ಮುಗಿದ ಬ್ಲಾಕನ್ನು ಕರ್ನಲ್‌ಗೆ ಹಿಂದಿರುಗಿಸದೆ ಮುಂದಿನ ಆದೇಶಕ್ಕೆ ಕೊಡುವುದೇ ಡಿಎಂಎ ಪೂಲ್.

ಇಷ್ಟಾದರೂ ಬಹುಕಾಲ ಇದು ನಿಧಾನವಾಗಿಯೇ ಇತ್ತು. ಪೂಲ್‌ನ ಒಂದೊಂದು ಪೇಜೂ ತನ್ನ ಖಾಲಿ ಬ್ಲಾಕ್‌ಗಳ ಲೆಕ್ಕವನ್ನು ತಾನೇ ಇಟ್ಟುಕೊಂಡಿತ್ತು. ಬ್ಲಾಕ್ ಬೇಕೆಂದಾಗ ಖಾಲಿ ಇರುವ ಪೇಜ್ ಸಿಗುವವರೆಗೆ ಪಟ್ಟಿಯಲ್ಲಿ ನಡೆಯಬೇಕು. ಹಿಂದಿರುಗಿಸುವಾಗ ಈ ವಿಳಾಸ ಯಾವ ಪೇಜಿನದು ಎಂದು ಮತ್ತೆ ನಡೆಯಬೇಕು. ಅದೂ ಸಾಧನಗಳ ಕರೆಗಳಾದ ಇಂಟರಪ್ಟ್ ನಿಲ್ಲಿಸಿ, ಬೇರೆಯವರು ಪೂಲ್ ಮುಟ್ಟದಂತೆ ಲಾಕ್ ಹಿಡಿದುಕೊಂಡು. ಪೂಲ್ ಬೆಳೆದಷ್ಟೂ ನಡಿಗೆ ಉದ್ದವಾಗುತ್ತಿತ್ತು. 2023ರಲ್ಲಿ ಬಂದ ಲಿನಕ್ಸ್ 6.4ರಲ್ಲಿ ಕರ್ನಲ್ ಡೆವಲಪರ್ ಕೀತ್ ಬುಶ್ ಅವರ ಬದಲಾವಣೆ ಇದನ್ನು ಸರಿಪಡಿಸಿತು. ಪೇಜ್ ಯಾವುದೇ ಇರಲಿ, ಪೂಲ್‌ನ ಎಲ್ಲ ಖಾಲಿ ಬ್ಲಾಕ್‌ಗಳೂ ಈಗ ಒಂದೇ ಸರಪಳಿಯಲ್ಲಿವೆ. ಸರಪಳಿಯ ಕೊಂಡಿಗೆ ಪ್ರತ್ಯೇಕ ಜಾಗವನ್ನೂ ಕೇಳಿಲ್ಲ: ಖಾಲಿ ಬ್ಲಾಕಿನ ಮೊದಲ 16 ಬೈಟ್‌ನಲ್ಲೇ ಮುಂದಿನ ಬ್ಲಾಕನ್ನು ತೋರಿಸುವ ಪಾಯಿಂಟರ್ ಮತ್ತು ತನ್ನ ಡಿಎಂಎ ವಿಳಾಸ ಕೂರುತ್ತವೆ. ತಲೆಯಿಂದ ಒಂದನ್ನು ತೆಗೆ, ತಲೆಗೆ ಒಂದನ್ನು ಸೇರಿಸು, ಮುಗಿಯಿತು. ಪೂಲ್‌ನಲ್ಲಿ ಹತ್ತು ಪೇಜ್ ಇರಲಿ, ಹತ್ತು ಸಾವಿರ ಇರಲಿ, ತಗಲುವ ಸಮಯ ಒಂದೇ. ನಮ್ಮ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಕರ್ನಲ್ ಕಂಡ ಅತ್ಯಂತ ಅಚ್ಚುಕಟ್ಟಾದ ಸುಧಾರಣೆಗಳಲ್ಲಿ ಇದೊಂದು.

ದರ್ಶಿನಿಯಲ್ಲಿ ಈಗಷ್ಟೇ ತೊಳೆದಿಟ್ಟ ಮೇಲಿನ ತಟ್ಟೆಯೇ ಮುಂದಿನ ಗಿರಾಕಿಗೆ ಹೋಗುವಂತೆ, ಕೊನೆಗೆ ಬಂದ ಬ್ಲಾಕ್ ಮೊದಲು ಹೋಗುತ್ತದೆ. ಅದು ಇನ್ನೂ ಪ್ರೊಸೆಸರಿನ ಕ್ಯಾಶ್‌ನಲ್ಲೇ ಇರುವ ಸಂಭವ ಹೆಚ್ಚು. ದೂರದ ರ‍್ಯಾಮ್‌ವರೆಗೆ ಹೋಗಬೇಕಾಗಿಲ್ಲ. ಮೂಲ ವಿಚಾರ ಹೊಸದೇನಲ್ಲ. ಬಿಡುವಾದ ವಸ್ತುವನ್ನು ಸಿದ್ಧ ಸ್ಥಿತಿಯಲ್ಲೇ ಇಟ್ಟು ಮರಳಿ ಕೊಡುವ ಸ್ಲ್ಯಾಬ್ ಪದ್ಧತಿಯನ್ನು ಜೆಫ್ ಬಾನ್ವಿಕ್ ಅವರು ಸನ್ ಸಂಸ್ಥೆಯ ಸೋಲಾರಿಸ್‌ಗಾಗಿ ರೂಪಿಸಿ 1994ರಲ್ಲೇ ವಿವರಿಸಿದ್ದರು.

ವೇಗದ ಆಸೆಗೆ ಪೂಲ್ ಕಟ್ಟುವವರು ಎಡವುವುದು ಇಲ್ಲಿಂದ ಮುಂದೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಬ್ಲಾಕ್ ಯಾವಾಗ ಬಿಡುವಾಯಿತು ಎಂದು ಪ್ರೋಗ್ರಾಂ ಬರೆದವರೇ ಹೇಳಬಹುದು. ಸ್ಟೋರೇಜ್ ಡ್ರೈವರ್‌ನಲ್ಲಿ ಹಾಗಲ್ಲ. ಅದೇ ಬ್ಲಾಕನ್ನು ಪ್ರೊಸೆಸರಿನ ಅರಿವಿಗೆ ಬಾರದಂತೆ ಡ್ರೈವ್ ನೇರವಾಗಿ ಓದುತ್ತಿರುತ್ತದೆ. ಆದೇಶಕ್ಕೆ ಉತ್ತರ ಬರಲಿಲ್ಲ, ಎನ್‌ವಿಎಂಇಯ 30 ಸೆಕೆಂಡ್ ಗಡುವು ಮೀರಿತು ಎಂದಿಟ್ಟುಕೊಳ್ಳಿ. ಆ ಕ್ಷಣವೇ ವಿಳಾಸಪಟ್ಟಿಯ ಬ್ಲಾಕನ್ನು ಪೂಲ್‌ಗೆ ಸೇರಿಸಿದರೆ ಅದು ಇನ್ನೊಂದು ಆದೇಶಕ್ಕೆ ಹೋಗುತ್ತದೆ. ತಡವಾಗಿ ಎಚ್ಚೆತ್ತ ಡ್ರೈವ್ ಹಳೆಯ ಪಟ್ಟಿ ಎಂದುಕೊಂಡು ಹೊಸ ವಿಳಾಸಗಳನ್ನು ಓದಿ, ಹಳೆಯ ದತ್ತಾಂಶವನ್ನು ಯಾರದೋ ಪೇಜಿಗೆ ಸುರಿಯುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ. ಐಒಎಂಎಂಯು ಕಾಪಾಡುತ್ತದೆ ಎಂಬ ಭರವಸೆಯೂ ಬೇಡ, ಏಕೆಂದರೆ ಪೂಲ್‌ನ ಮೆಮೊರಿ ಪೂಲ್ ಇರುವಷ್ಟು ಕಾಲವೂ ಮ್ಯಾಪ್ ಆಗಿಯೇ ಇರುತ್ತದೆ. ಸರಿಯಾದ ಕ್ರಮ ಇದು: ಮೊದಲು ಆದೇಶ ರದ್ದುಮಾಡಲು ಕೇಳುವುದು, ಅದಕ್ಕೂ ಉತ್ತರವಿಲ್ಲದಿದ್ದರೆ ಡ್ರೈವ್ ನಡೆಸುವ ಚಿಪ್ಪಾದ ಕಂಟ್ರೋಲರ್ ನಿಲ್ಲಿಸಿ ರೀಸೆಟ್ ಮಾಡುವುದು, ಡ್ರೈವ್ ಮೆಮೊರಿ ಮುಟ್ಟುವುದಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಬ್ಲಾಕ್ ಬಿಡುವುದು.

ಮರುಬಳಕೆಯಾಗುವುದು ಮೆಮೊರಿಯೊಂದೇ ಅಲ್ಲ, ಆದೇಶದ ಸಂಖ್ಯೆಯೂ ಹೌದು. ಕರ್ನಲ್‌ನ ಬ್ಲಾಕ್ ಪದರ ವಿನಂತಿಗಳನ್ನೆಲ್ಲ ಮೊದಲೇ ಸಿದ್ಧಪಡಿಸಿ, ಟ್ಯಾಗ್ ಎಂಬ ಸಂಖ್ಯೆಯ ಮೂಲಕ ಮತ್ತೆ ಮತ್ತೆ ಬಳಸುತ್ತದೆ. ಒಂದೇ ಟ್ಯಾಗಿಗೆ ಡ್ರೈವ್ ಎರಡು ಸಲ ಉತ್ತರಿಸಿದರೆ ಎರಡನೆಯದು ಹೊಸ ವಿನಂತಿಯನ್ನು ಮುಗಿಸಿಬಿಡುತ್ತದೆ. 2021ರ ಲಿನಕ್ಸ್ 5.15ರಲ್ಲಿ ಇದಕ್ಕೆ ಕಾವಲು ಬಂತು: 16 ಬಿಟ್‌ನ ಆದೇಶ ಸಂಖ್ಯೆಯಲ್ಲಿ 12 ಬಿಟ್ ಟ್ಯಾಗಿಗೆ, 4 ಬಿಟ್ ಆ ಟ್ಯಾಗ್ ಎಷ್ಟನೇ ಸಲ ಬಳಕೆಯಾಗುತ್ತಿದೆ ಎಂಬ ತಲೆಮಾರಿನ ಎಣಿಕೆಗೆ. ಎಣಿಕೆ ಹೊಂದದ ಉತ್ತರವನ್ನು ಡ್ರೈವರ್ ತಿರಸ್ಕರಿಸುತ್ತದೆ. ನಾಲ್ಕೇ ಬಿಟ್ ಆದ್ದರಿಂದ 16 ಬಳಕೆಗೊಮ್ಮೆ ಎಣಿಕೆ ಮರುಕಳಿಸುತ್ತದೆ. ಆದರೂ ಬಹುಪಾಲು ತಪ್ಪು ಉತ್ತರಗಳು ಸಿಕ್ಕಿಬೀಳುತ್ತವೆ. ಸಂಖ್ಯೆಗಳು ಸೊನ್ನೆಯಿಂದ ಸಾಲಾಗಿ ಬರುತ್ತವೆಂದು ನಂಬಿದ್ದ ಕೆಲವು ಕಂಟ್ರೋಲರ್‌ಗಳು ಇದರಿಂದ ಕೆಟ್ಟವು. ಅವುಗಳಿಗೆ ವಿನಾಯಿತಿ ಕೊಡಬೇಕಾಯಿತು.

ಇನ್ನೊಂದು ಅಪಾಯ ಮೆಮೊರಿ ತುಂಬಿದಾಗಿನದು. ಮೆಮೊರಿ ತೆರವು ಮಾಡಲು ಕರ್ನಲ್ ಪೇಜ್‌ಗಳನ್ನು ಡಿಸ್ಕಿಗೆ ಬರೆಯಬೇಕು, ಬರೆಯಲು ಡ್ರೈವರ್‌ಗೆ ಮೆಮೊರಿ ಬೇಕು. ಈ ಗಂಟು ಬಿಡಿಸಲು ಮೆಂಪೂಲ್ ಎಂಬ ತುರ್ತು ಸಂಗ್ರಹದಲ್ಲಿ ಒಂದಿಷ್ಟು ಬ್ಲಾಕ್ ಮೀಸಲಿಡುತ್ತಾರೆ. ಒಂದೇ ವಿನಂತಿಗೆ ಒಂದೇ ಮೆಂಪೂಲ್‌ನಿಂದ ಎರಡು ಬ್ಲಾಕ್ ಕೇಳಲೇಬಾರದು. ಮೀಸಲು ಎರಡೇ ಇದ್ದು, ಇಬ್ಬರು ಒಂದೊಂದು ಹಿಡಿದು ಇನ್ನೊಂದಕ್ಕೆ ಕಾದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಸಣ್ಣ ಪರೀಕ್ಷೆಗಳಲ್ಲಿ ಇದು ಕಾಣುವುದೇ ಇಲ್ಲ, ಸರ್ವರ್‌ಗೆ ಭಾರ ಬಿದ್ದಾಗಲೇ ಕಾಣುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸೇರುವ ಹೊಸ ಎಂಜಿನಿಯರ್‌ಗಳಿಗೆ ನಮ್ಮ ಒಂದು ಒತ್ತಾಯವಿದೆ. ಡ್ರೈವರ್ ಒಳಗೆ ಸ್ವಂತ ಪೂಲ್ ಕಟ್ಟಿದರೆ ದೋಷ ಹುಡುಕುವ ಸಾಧನಗಳ ಕಣ್ಣು ಕಟ್ಟಿದಂತಾಗುತ್ತದೆ. ಅಂಥ ಒಂದು ಸಾಧನವಾದ ಕೆಎಸಾನ್ ಬಿಡುವಾದ ಬ್ಲಾಕನ್ನು ಕೆಲಕಾಲ ಬೇರೆ ಇಟ್ಟು, ಯಾರಾದರೂ ಮುಟ್ಟಿದರೆ ಕೂಗುತ್ತದೆ. ಇನ್ನೊಂದಾದ ಸ್ಲಬ್ ಡೀಬಗ್ ಅದರಲ್ಲಿ ಹೆಕ್ಸ್ 6ಬಿ ಎಂಬ ಗುರುತಿನ ಬೈಟ್ ತುಂಬಿಡುತ್ತದೆ. ಕ್ರ್ಯಾಶ್ ವರದಿಯಲ್ಲಿ ಸಾಲುಸಾಲು 6ಬಿ ಕಂಡರೆ ಬಿಟ್ಟ ಬ್ಲಾಕನ್ನು ಬಳಸಿದ್ದಾರೆಂದು ತಿಳಿಯಬಹುದು. ಆದರೆ ನಿಮ್ಮ ಸರಪಳಿಯಲ್ಲಿ ಕುಳಿತ ಬ್ಲಾಕ್ ಈ ಸಾಧನಗಳ ಲೆಕ್ಕದಲ್ಲಿ ಇನ್ನೂ ಬಳಕೆಯಲ್ಲೇ ಇದೆ. ಆದ್ದರಿಂದ ಡೀಬಗ್ ಬಿಲ್ಡ್‌ನಲ್ಲಿ ಪೂಲನ್ನು ಬದಿಗಿಟ್ಟು, ಪ್ರತಿ ಬ್ಲಾಕನ್ನೂ ನೇರ ಕರ್ನಲ್‌ನಿಂದ ಪಡೆದು ಹಿಂದಿರುಗಿಸುವ ಸ್ವಿಚ್ ಇರಲೇಬೇಕು. ಬಳಕೆದಾರರ ಪ್ರೋಗ್ರಾಮಿಗೆ ತಲುಪುವ ಬಫರ್‌ಗಳನ್ನು ಮರುಬಳಕೆಗೆ ಮುನ್ನ ಸೊನ್ನೆ ಮಾಡಬೇಕು. ಓದು ಅರ್ಧಕ್ಕೇ ನಿಂತರೆ ಉಳಿದರ್ಧದಲ್ಲಿ ಬೇರೆಯವರ ದತ್ತಾಂಶ ಇರುತ್ತದೆ.

ಪೂಲ್ ಕಟ್ಟುವ ಮೊದಲು ಅಳೆಯಬೇಕು. ಡಿಸ್ಕ್ ಪರೀಕ್ಷಿಸುವ ಫಿಯೊದಲ್ಲಿ ಕ್ಯೂ ಆಳ (ಒಮ್ಮೆಗೆ ಬಾಕಿ ಇರುವ ಆದೇಶಗಳ ಸಂಖ್ಯೆ) 32 ಇಟ್ಟು 128 ಕಿಲೋಬೈಟ್ ಓದು ನಡೆಸಿ, ಯಾವ ಫಂಕ್ಷನ್ ಎಷ್ಟು ಸಮಯ ತಿನ್ನುತ್ತದೆಂದು ತೋರಿಸುವ ಪರ್ಫ್ ತೆರೆದು ನೋಡಿ. ಮೆಮೊರಿ ಹಂಚುವ ಫಂಕ್ಷನ್‌ಗಳು ಮೇಲಿನ ಸಾಲುಗಳಲ್ಲಿ ಇಲ್ಲದಿದ್ದರೆ ಪೂಲ್ ಬೇಡ. 4 ಕಿಲೋಬೈಟ್ ಓದಿಗೆ ವಿಳಾಸಪಟ್ಟಿಯೇ ಬೇಕಿಲ್ಲ, ಅದರಲ್ಲಿ ಅಳೆದು ಪ್ರಯೋಜನವಿಲ್ಲ. ಎಷ್ಟು ಬ್ಲಾಕ್ ಬಳಕೆಯಲ್ಲಿವೆ ಎಂಬುದು ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಆ ಸಾಧನದ ಪೂಲ್ಸ್ ಎಂಬ ಕಡತದಲ್ಲಿ ಸಿಗುತ್ತದೆ. ಕೆಲಸವೆಲ್ಲ ನಿಂತ ಮೇಲೂ ಆ ಸಂಖ್ಯೆ ಇಳಿಯದಿದ್ದರೆ ಎಲ್ಲೋ ಬ್ಲಾಕ್ ಸೋರುತ್ತಿದೆ. ಕೊನೆಯ ಪರೀಕ್ಷೆಯನ್ನು ದತ್ತಾಂಶವಿಲ್ಲದ ಡ್ರೈವ್ ಮೇಲಷ್ಟೇ ಮಾಡಿ: ಫಿಯೊದ ಸಿಆರ್‌ಸಿ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಸುವ ಲೆಕ್ಕ) ಪರಿಶೀಲನೆ ಹಾಕಿ ಬರೆಯುತ್ತಿರುವಾಗ ಕಂಟ್ರೋಲರನ್ನು ಪದೇ ಪದೇ ರೀಸೆಟ್ ಮಾಡಿ, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡಬೇಕು.

ಇಂತಿ,
ಸ್ಟೋರೇಜ್ ಡ್ರೈವರ್ ಕ್ಷೇತ್ರದ ಕೆಲವು ಓದುಗರು,
ಬೆಂಗಳೂರು