ಬೆಡ್ ನಂಬರ್ ಬರೆಯಲು ಮರೆಯಬೇಡ

ಪ್ರಿಯ ಗೆಳೆಯಾ,

ನಿನ್ನ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಸುದ್ದಿ ಓದಿ ಎದೆಯ ಭಾರ ಇಳಿಯಿತು. ಊರುಗೋಲು ಬೇಡವೆಂದು ಆಗಲೇ ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀಯ. ಅಂದ ಮೇಲೆ ಮುಕ್ಕಾಲು ಪಾಲು ಗುಣವಾದಂತೆಯೇ. ಆದರೆ ಪತ್ರದ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ‘ವಾರ್ಡಿನ ಸಿಸ್ಟರ್‌ಗಳಿಗೆ ಏನು ಕೊಡಲಿ? ಕೈಗಡಿಯಾರವೋ, ಲಕೋಟೆಯಲ್ಲಿ ಒಂದಿಷ್ಟು ಹಣವೋ?’

ಎರಡೂ ಬೇಡ. ಹಣವಂತೂ ಖಂಡಿತ ಬೇಡ. ಬಹಳಷ್ಟು ಆಸ್ಪತ್ರೆಗಳ ನಿಯಮ ಅದನ್ನು ಒಪ್ಪುವುದಿಲ್ಲ. ಬೇಡವೆಂದು ಹೇಳಬೇಕಾದ ಮುಜುಗರವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ, ಅಷ್ಟೆ. ಇಷ್ಟು ಗಟ್ಟಿಯಾಗಿ ಏಕೆ ಹೇಳುತ್ತಿದ್ದೇನೆಂದರೆ, ಈ ವಿಷಯದಲ್ಲಿ ನಾನು ಎಡವಿದವನು.

ನನ್ನ ಶಸ್ತ್ರಚಿಕಿತ್ಸೆಯ ಕಥೆ ನಿನಗೆ ಗೊತ್ತು. 11 ದಿನ ಐಸಿಯುವಿನಲ್ಲಿದ್ದೆ. ಡಿಸ್ಚಾರ್ಜ್ ಆದ ದಿನ ಡಾಕ್ಟರಿಗೆ ಕೈಮುಗಿದು ಅತ್ತೇಬಿಟ್ಟೆ. ಅವರು ನನ್ನ ಹೊಟ್ಟೆಯೊಳಗೆ 4 ತಾಸು ಕೈಯಾಡಿಸಿದ್ದರು, ಅದೇನು ಸಣ್ಣ ಮಾತಲ್ಲ. ಆದರೆ ಉಳಿದ 260 ತಾಸು ನನ್ನನ್ನು ಕಾಯ್ದವರ ಕಡೆಗೆ ಸುಮ್ಮನೆ ನೋಡಿ ಕೈಬೀಸಿ ಲಿಫ್ಟ್ ಹತ್ತಿದೆ. ಆಗ ಅದು ತಪ್ಪೆಂದು ಅನ್ನಿಸಲೂ ಇಲ್ಲ.

ಆ ತಾಸುಗಳಲ್ಲಿ ಏನೇನು ನಡೆಯಿತೆಂಬುದು ಮನೆಗೆ ಬಂದ ಮೇಲೆ ತುಂಡುತುಂಡಾಗಿ ನೆನಪಾಗತೊಡಗಿತು. ಬೆನ್ನಿಗೆ ಹಾಸಿಗೆ ಹುಣ್ಣಾಗಬಾರದೆಂದು ಎರಡು ತಾಸಿಗೊಮ್ಮೆ ಇಬ್ಬರು ಬಂದು, ‘ಒಂದು, ಎರಡು, ಮೂರು’ ಎಂದು ಎಣಿಸಿ, ನನ್ನನ್ನು ಮಗ್ಗುಲಿಗೆ ಹೊರಳಿಸುತ್ತಿದ್ದರು. ಗುಟುಕು ನೀರನ್ನೂ ಕುಡಿಯಲು ಬಿಡದಿದ್ದ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದರು. ಒಂದು ಸುದೀರ್ಘ ರಾತ್ರಿ ನಾನು ರೈಲಿನಲ್ಲಿದ್ದೇನೆ, ಇವರೆಲ್ಲ ಸೇರಿ ನನ್ನನ್ನು ಇಳಿಯಲು ಬಿಡುತ್ತಿಲ್ಲ ಎಂದು ನಂಬಿಬಿಟ್ಟಿದ್ದೆ. ಐಸಿಯುವಿನಲ್ಲಿ ಹೀಗೆ ಮತಿ ತಪ್ಪುವುದು ಅಪರೂಪವೇನಲ್ಲವಂತೆ. ಕೈಗೆ ಚುಚ್ಚಿದ್ದ ನಳಿಕೆ ಕಿತ್ತೆಸೆದು ಸಿಸ್ಟರ್ ಮೇಲೆ ಕೂಗಾಡಿದೆ, ಆಡಬಾರದ ಮಾತನ್ನೂ ಆಡಿದೆ. ಮರುರಾತ್ರಿ ಅದೇ ಸಿಸ್ಟರ್ ಬಂದು ನಿನ್ನೆಯ ಹಾಗೆಯೇ ತಲೆಯ ಬಳಿ ನಿಂತು, ‘ಈಗ ರಾತ್ರಿ ಮೂರು ಗಂಟೆ. ನೀವು ಆಸ್ಪತ್ರೆಯಲ್ಲಿದ್ದೀರಿ. ಆಪರೇಷನ್ ಮುಗಿದಿದೆ’ ಎಂದರು. ಗಂಟೆ ಎಷ್ಟು, ಎಲ್ಲಿದ್ದೀರಿ ಎಂದು ಮತ್ತೆ ಮತ್ತೆ ಹೇಳುವುದು ಕೂಡ ಶುಶ್ರೂಷೆಯ ಭಾಗವೆಂದು ಆಮೇಲೆ ತಿಳಿಯಿತು. ಆಗ ನನಗೆ ತಿಳಿದದ್ದು ಇಷ್ಟೇ: ಹಿಂದಿನ ರಾತ್ರಿಯ ಕೋಪದ ಲವಲೇಶವೂ ಆ ದನಿಯಲ್ಲಿರಲಿಲ್ಲ.

ಸಿಸ್ಟರ್ ಎಂದರೆ ನಗುಮುಖ, ಕರುಣೆ ಎಂದು ನಾವು ಎಷ್ಟು ಸಲೀಸಾಗಿ ಮುಗಿಸಿಬಿಡುತ್ತೇವೆ! ಫ್ಲಾರೆನ್ಸ್ ನೈಟಿಂಗೇಲ್ ಅವರನ್ನೇ ನೋಡು. ಜನಕ್ಕೆ ಅವರ ಕೈಯ ದೀಪ ನೆನಪಿದೆ, ಲೆಕ್ಕದ ಪುಸ್ತಕ ಮರೆತುಹೋಗಿದೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತರೆಂದು ಅವರು 1858ರಲ್ಲಿ ಅಂಕಿಗಳನ್ನು ಚಿತ್ರವಾಗಿ ಬಿಡಿಸಿ ತೋರಿಸಿದ್ದರು. ನನ್ನ ಹಾಸಿಗೆಯ ಪಕ್ಕದ ಸಿಸ್ಟರ್ ಕೂಡ ತಾಸಿಗೊಮ್ಮೆ ಬಾಗಿ ಮೂತ್ರದ ಚೀಲದ ಗೆರೆ ನೋಡಿ ಬರೆದುಕೊಳ್ಳುತ್ತಿದ್ದರು. ಐದನೆಯ ದಿನ ಆ ಅಂಕಿ ಇಳಿಯತೊಡಗಿದ್ದನ್ನು ಮೊದಲು ಗಮನಿಸಿ ನಡುರಾತ್ರಿ ಡಾಕ್ಟರನ್ನು ಎಬ್ಬಿಸಿದವರು ಅವರೇ. ನಾನು ಕೈಬೀಸಿ ಬಂದದ್ದು ಇಂಥವರಿಗೆ.

ಐದು ತಿಂಗಳ ನಂತರ ತಪಾಸಣೆಗೆ ಹೋದಾಗ ಐಸಿಯು ಬಾಗಿಲಿಗೆ ಹೋಗಿ ನಿಂತೆ. ಆ ಸಿಸ್ಟರ್ ಹೊರಗೆ ಬಂದರು. ನನ್ನ ಗುರುತೇ ಸಿಗಲಿಲ್ಲ. ಹೆಸರು ಹೇಳಿದೆ, ಸುಮ್ಮನೆ ವಿನಯದಿಂದ ನಕ್ಕರು. ‘7ನೇ ಬೆಡ್’ ಎಂದೆ. ತಟ್ಟನೆ ನನ್ನ ಎಡಗೈ ಹಿಡಿದು ಮುಂಗೈ ತಿರುವಿ ನೋಡಿದರು. ‘ಅಯ್ಯೋ, ಈ ನರ! ಎಷ್ಟು ಸತಾಯಿಸಿತ್ತು ನಮ್ಮನ್ನು!’ ಎಂದರು. ಆಮೇಲೆ ಮುಖ ನೋಡಿ, ‘ನೀವು ಇಷ್ಟು ಎತ್ತರವೇ? ನಿಂತಿದ್ದನ್ನು ನಾವು ನೋಡಿರಲೇ ಇಲ್ಲ’ ಎಂದು ಒಳಗಿದ್ದ ಇನ್ನಿಬ್ಬರನ್ನು ಕರೆದರು. ಮೂವರೂ ನನ್ನನ್ನು ಸುತ್ತುವರಿದು ಸುಮ್ಮನೆ ನೋಡುತ್ತ ನಿಂತರು. ಐಸಿಯುವಿನಿಂದ ವಾರ್ಡಿಗೆ ಹೋದ ರೋಗಿ ಆಮೇಲೆ ಏನಾದನೆಂಬುದು ಅವರಿಗೆ ತಿಳಿಯುವುದೇ ಕಡಿಮೆಯಂತೆ. ಕಥೆಯನ್ನು ಅರ್ಧ ಓದಿದ ಮೇಲೆ ಯಾರೋ ಪುಸ್ತಕ ಕಸಿದುಕೊಂಡ ಹಾಗೆ.

ಅದಕ್ಕೇ ಹೇಳುತ್ತೇನೆ, ಅಮ್ಮ ನಡೆಯಲು ಶುರುಮಾಡಿದರೆಂಬ ಸುದ್ದಿ ಕೊಡು. ಬರವಣಿಗೆಯಲ್ಲಿ ಕೊಡು. ‘ನಿಮ್ಮ ಸೇವೆಗೆ ಚಿರಋಣಿ’ ಎಂಬ ಮಾತು ಯಾರಿಗಾದರೂ ಸಲ್ಲುತ್ತದೆ, ಆದ್ದರಿಂದ ಯಾರಿಗೂ ಸಲ್ಲುವುದಿಲ್ಲ. ಅಮ್ಮನನ್ನೇ ಕೇಳು, ಯಾರು ಏನು ಮಾಡಿದರೆಂದು. ಜಡೆ ಹೆಣೆದ ಆಯಾ ಒಬ್ಬರಿದ್ದರು ಎಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಅದನ್ನು ಬರೆ. ಹೆಸರುಗಳು ಗೊತ್ತಿದ್ದರೆ ಬರೆ. ಒಂದು ಪ್ರತಿಯನ್ನು ನರ್ಸಿಂಗ್ ಮೇಲ್ವಿಚಾರಕರಿಗೂ ಕೊಡು. ದೂರುಗಳೆಲ್ಲ ಕಡತ ಸೇರುತ್ತವೆ, ಮೆಚ್ಚುಗೆಯೂ ಸೇರಲಿ.

ಅಮೆರಿಕದ ಒಂದು ಕುಟುಂಬದ ವಿಷಯ ಓದಿದ್ದೆ. 1999ರಲ್ಲಿ ಪ್ಯಾಟ್ರಿಕ್ ಬಾರ್ನ್ಸ್ ಎಂಬವರು 33ನೇ ವಯಸ್ಸಿಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮನೆಯವರು, ಮಗನನ್ನು ನೋಡಿಕೊಂಡ ನರ್ಸ್‌ಗಳಿಗೆ ಧನ್ಯವಾದ ಹೇಳಲೆಂದೇ ಡೈಸಿ ಎಂಬ ಪ್ರಶಸ್ತಿ ಆರಂಭಿಸಿದರು. ಇಂಥ ನರ್ಸ್ ಇಂಥದ್ದು ಮಾಡಿದರೆಂದು ರೋಗಿಗಳು, ಮನೆಯವರು ಬರೆದು ಹೆಸರು ಸೂಚಿಸುತ್ತಾರೆ. ಬದುಕಿ ಬಂದ ನಾನು ಐದು ತಿಂಗಳು ತೆಗೆದುಕೊಂಡೆ ನೋಡು.

ಇನ್ನೊಂದು ಮಾತು. ಬೆಳಗಿನ ಜಾವ ನೆಲ ಒರೆಸಲು ಬರುತ್ತಿದ್ದವರೊಬ್ಬರು ನನ್ನ ಮಂಚದ ಕೆಳಗೆ ಒರೆಸುವಾಗ, ಕಿಟಕಿಯ ಪರದೆಯನ್ನು ಅಂಗೈಯಗಲ ಸರಿಸಿ ಹೋಗುತ್ತಿದ್ದರು. ಬೆಳಗಾಯಿತೆಂದು ನನಗೆ ತಿಳಿಯುತ್ತಿದ್ದದ್ದು ಅದರಿಂದಲೇ. ಆ ದಿನ ಅವರನ್ನೂ ವಿಚಾರಿಸಿದೆ. ಕೆಲಸ ಬಿಟ್ಟು ಹೋಗಿ ಎರಡು ತಿಂಗಳಾಗಿತ್ತು. ಅವರ ಹೆಸರು ಏನೆಂದು ಅಲ್ಲಿದ್ದವರನ್ನು ಕೇಳಿಕೊಂಡು ಬಂದೆ, ಅಷ್ಟೇ ಸಾಧ್ಯವಾದದ್ದು.

ಹಾಗಾಗಿ ತಡಮಾಡಬೇಡ, ಈ ವಾರವೇ ಹೋಗು. ಅಮ್ಮನಿಗೆ ಆಗುವುದಾದರೆ ಕರೆದುಕೊಂಡೇ ಹೋಗು. ಊರುಗೋಲನ್ನೂ ಹಿಡಿದುಕೊಳ್ಳಲಿ, ಹಟ ಅಲ್ಲಿ ಬೇಡ. ಪತ್ರದ ಮೇಲ್ಗಡೆ ಬೆಡ್ ನಂಬರ್ ಬರೆಯಲು ಮರೆಯಬೇಡ, ಅವರಿಗೆ ಮೊದಲು ನೆನಪಾಗುವುದು ಅದೇ.

ನಿನ್ನ,
7ನೇ ಬೆಡ್