ಹಬ್ಬದೂಟದ ವೈನ್ ಆಯ್ಕೆಗೆ ಬಣ್ಣವೊಂದೇ ಆಧಾರವಾಗದಿರಲಿ

ಮಾನ್ಯ ಸಂಪಾದಕರೇ,

ಹಬ್ಬ ಮತ್ತು ರಜೆಯ ದಿನಗಳ ಊಟಕ್ಕೆ ಯಾವ ವೈನ್ ಹೊಂದುತ್ತದೆ ಎಂಬುದರ ಬಗ್ಗೆ ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಈ ವಿಷಯವನ್ನು ಮುಜುಗರವಿಲ್ಲದೆ, ಅಡುಗೆಯದೇ ಒಂದು ಭಾಗವೆಂಬಂತೆ ಚರ್ಚಿಸಿದ್ದಕ್ಕಾಗಿ ಲೇಖಕರಿಗೆ ಕೃತಜ್ಞತೆ ಹೇಳಲೇಬೇಕು. ಆದರೆ ಲೇಖನದ ಜೊತೆಗೆ ಕೊಟ್ಟಿರುವ ಕೋಷ್ಟಕ ಮಾತ್ರ ‘ಮೀನಿಗೂ ಕೋಳಿಗೂ ಬಿಳಿ ವೈನ್, ಕೆಂಪು ಮಾಂಸಕ್ಕೆ ಕೆಂಪು ವೈನ್’ ಎಂಬ ಹಳೆಯ ಸೂತ್ರವನ್ನೇ ನೆಚ್ಚಿಕೊಂಡಿದೆ. ಆ ಸೂತ್ರ ಪೂರ್ತಿ ಸುಳ್ಳೇನಲ್ಲ. ಒಂದೇ ಖಾದ್ಯ, ಒಂದೇ ಲೋಟ ಎಂಬಂತಹ ಸರಳ ಊಟಕ್ಕೆ ಅದು ಹೇಗೋ ಸಾಲಬಹುದು. ಹುಳಿ, ಸಿಹಿ, ಖಾರ, ಜಿಡ್ಡು ಎಲ್ಲವೂ ಒಟ್ಟೊಟ್ಟಿಗೆ ಮೇಜಿಗೆ ಬರುವ ಹಬ್ಬದೂಟದಲ್ಲಿ ಅದನ್ನು ನಂಬಿದವರಿಗೆ ನಿರಾಸೆಯಾಗುವುದೇ ಹೆಚ್ಚು. ವೈನಿನ ಹುಳಿ ಎಷ್ಟು, ಒಗರು ಎಷ್ಟು, ಸಿಹಿ ಎಷ್ಟು, ಮದ್ಯಸಾರ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಆಯ್ಕೆ ಎಷ್ಟೋ ಸುಲಭವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿವರಿಸಲು ತಮ್ಮ ಪತ್ರಿಕೆಯಲ್ಲಿ ಅವಕಾಶ ಕೋರುತ್ತೇನೆ.

ಒಗರಿನ ಮಾತನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಹಬ್ಬದೂಟ ಕೆಡುವುದು ಬಹುಪಾಲು ಇದರಿಂದಲೇ. ಕೆಂಪು ವೈನ್ ತಯಾರಿಸುವಾಗ ದ್ರಾಕ್ಷಿರಸವನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಲು ಬಿಡುತ್ತಾರೆ. ಬಿಳಿ ವೈನಿಗಾದರೆ ಸಾಮಾನ್ಯವಾಗಿ ಹಣ್ಣನ್ನು ಮೊದಲೇ ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನಷ್ಟೇ ಹುದುಗಿಸುತ್ತಾರೆ. ಸಿಪ್ಪೆ ಮತ್ತು ಬೀಜಗಳಿಂದ ಬಣ್ಣದ ಜೊತೆಗೆ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಅಂಶವೂ ರಸಕ್ಕಿಳಿಯುತ್ತದೆ. ಈ ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯ ನುಣುಪನ್ನು ಕಸಿದುಕೊಳ್ಳುತ್ತದೆ. ಹೆಚ್ಚು ಹೊತ್ತು ಕುದಿಸಿದ ಚಹಾ ಕುಡಿದಾಗ ನಾಲಿಗೆ ಒರಟಾಗಿ, ಒಸಡು ಬಿಗಿದಂತಾಗುತ್ತದಲ್ಲ, ಅದೇ ಅನುಭವ. ಕೊಬ್ಬು ಮತ್ತು ಪ್ರೋಟೀನು ಹೇರಳವಾಗಿರುವ, ಉಪ್ಪು ಚೆನ್ನಾಗಿ ಹಿಡಿದ ಮಾಂಸವನ್ನು ಅಗಿಯುವಾಗ ಈ ಒಗರು ಮೆತ್ತಗಾಗುತ್ತದೆ. ಹಾಗಾಗಿ ಕ್ಯಾಬರ್ನೆ ಸೋವಿನ್ಯಾನ್‌ನಂತಹ ಬಿಗಿಯಾದ ಕೆಂಪು ವೈನ್ ಕೊಬ್ಬಿನ ಮಾಂಸದ ಪಕ್ಕದಲ್ಲಿ ರುಚಿಸುತ್ತದೆ. ಅದೇ ವೈನನ್ನು ಕೊಬ್ಬಿಲ್ಲದ, ಸುಲಭವಾಗಿ ಒಣಗಿಬಿಡುವ ಕೋಳಿಯ ಎದೆಭಾಗದ ಜೊತೆ ಕುಡಿದು ನೋಡಿ: ಒಗರನ್ನು ತಗ್ಗಿಸಲು ಅಲ್ಲಿ ಏನೂ ಇಲ್ಲವಾದ್ದರಿಂದ ಮಾಂಸ ಇನ್ನಷ್ಟು ಒಣಗಿದಂತೆಯೂ ವೈನ್ ಕಹಿಯಾದಂತೆಯೂ ತೋರುತ್ತದೆ. ಹೀಗಿದ್ದರೂ ವಿಶೇಷ ದಿನವೆಂಬ ಕಾರಣಕ್ಕೆ ಅಂಗಡಿಯಲ್ಲಿ ಸಿಗುವ ಅತ್ಯಂತ ಗಾಢವಾದ ಕೆಂಪು ವೈನನ್ನೇ ಕೊಂಡು ತರುವವರು ಬಹಳ.

ಇದನ್ನು ಯಾರು ಬೇಕಾದರೂ ತಮ್ಮ ಮನೆಯಲ್ಲೇ ಪರೀಕ್ಷಿಸಬಹುದು. ಒಂದು ತಟ್ಟೆಯಲ್ಲಿ ನಿಂಬೆಯ ಒಂದು ಹೋಳು, ಚಿಟಿಕೆ ಉಪ್ಪು, ಅರ್ಧ ಚಮಚ ಸಕ್ಕರೆ ಇಟ್ಟುಕೊಂಡು, ಪಕ್ಕದಲ್ಲಿ ಯಾವುದಾದರೂ ಒಗರಾದ ಕೆಂಪು ವೈನನ್ನು ಸುರಿದುಕೊಳ್ಳಿ. ಮೊದಲು ಬರಿಯ ವೈನನ್ನು ಗುಟುಕರಿಸಿ, ಅದರ ರುಚಿಯನ್ನು ನೆನಪಿಟ್ಟುಕೊಳ್ಳಿ. ನಂತರ ನಾಲಿಗೆಯ ಮೇಲೆ ನಾಲ್ಕಾರು ಹರಳು ಉಪ್ಪಿಟ್ಟುಕೊಂಡು ಕುಡಿದರೆ ಒಗರು ಹಿಂದೆ ಸರಿದು ಹಣ್ಣಿನ ರುಚಿ ಮುಂದೆ ಬರುತ್ತದೆ. ನಿಂಬೆಯನ್ನು ನೆಕ್ಕಿ ಕುಡಿದರೆ ವೈನಿನ ಹುಳಿ ಕಡಿಮೆಯಾದಂತೆ, ಅದು ಮೃದುವಾದಂತೆ ಅನಿಸುತ್ತದೆ. ಕೊನೆಗೆ ಸಕ್ಕರೆಯನ್ನು ಕರಗಿಸಿಕೊಂಡು ಕುಡಿಯಿರಿ. ಆಗ ತಾನೇ ಇಷ್ಟವಾಗಿದ್ದ ಅದೇ ವೈನ್ ಹುಳಿಹುಳಿಯಾಗಿ, ತೆಳ್ಳಗೆ, ಕಹಿಯಾಗಿ ಬದಲಾಗಿರುತ್ತದೆ. ಊಟದಲ್ಲಿರುವ ಉಪ್ಪು ಮತ್ತು ಹುಳಿ ವೈನಿಗೆ ಗೆಳೆಯರು, ಸಿಹಿ ಅದನ್ನು ಕಷ್ಟಕ್ಕೆ ಸಿಲುಕಿಸುವಂಥದ್ದು ಎಂಬುದು ಐದೇ ನಿಮಿಷದಲ್ಲಿ ನಾಲಿಗೆಗೆ ತಿಳಿಯುತ್ತದೆ. ಯಾವ ಕೋಷ್ಟಕಕ್ಕಿಂತಲೂ ಈ ಒಂದು ತಟ್ಟೆಯನ್ನು ನಾನು ಹೆಚ್ಚು ನಂಬುತ್ತೇನೆ.

ಮೀನಿನ ವಿಚಾರದಲ್ಲಿ ಹಳೆಯ ಸೂತ್ರಕ್ಕೆ ಒಂದು ಗಟ್ಟಿ ಆಧಾರವಿದೆ ಎಂಬುದನ್ನು ಒಪ್ಪಬೇಕು, ಆದರೆ ಆ ಆಧಾರವೂ ಬಣ್ಣದ್ದಲ್ಲ. ಕೆಂಪು ವೈನಿನ ಜೊತೆ ಸಮುದ್ರಾಹಾರ ತಿಂದಾಗ ಕೆಲವೊಮ್ಮೆ ಬಾಯಲ್ಲಿ ಉಳಿಯುವ ಹಸಿ ಮೀನಿನ ವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಒಣಗಿಸಿದ ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಜೊತೆ ಹಲವಾರು ವೈನ್‌ಗಳನ್ನು ರುಚಿ ನೋಡಿ ಅವರು ಈ ತೀರ್ಮಾನಕ್ಕೆ ಬಂದರು. ಕಬ್ಬಿಣದ ಪ್ರಮಾಣ ಕಡಿಮೆಯಿದ್ದ ಕೆಂಪು ವೈನ್‌ಗಳಲ್ಲಿ ಈ ದೋಷ ಅಷ್ಟಾಗಿ ಕಾಣಲಿಲ್ಲ. ಬಾಟಲಿಯ ಮೇಲೆ ಕಬ್ಬಿಣದ ಪ್ರಮಾಣವನ್ನು ಯಾರೂ ಮುದ್ರಿಸುವುದಿಲ್ಲವಾದ್ದರಿಂದ ನಾಜೂಕಾದ ಬಿಳಿ ಮೀನಿಗೆ ಬಿಳಿ ವೈನನ್ನೇ ಆರಿಸುವುದು ಕ್ಷೇಮ. ಸಾಲ್ಮನ್ ಅಥವಾ ಟ್ಯೂನಾದಂತಹ ಜಿಡ್ಡಿರುವ ಮೀನನ್ನು ಕೆಂಡದ ಮೇಲೆ ಸುಟ್ಟು ಬಡಿಸುವಾಗ ಮಾತ್ರ ಒಗರು ಕಡಿಮೆಯಿರುವ ಪಿನೋ ನ್ವಾರ್ ಎಂಬ ಕೆಂಪು ವೈನ್ ಚೆನ್ನಾಗಿಯೇ ಒಪ್ಪುತ್ತದೆ.

ಖಾರದ ಅಡುಗೆಯ ಬಗ್ಗೆ ಲೇಖನ ಒಂದೇ ವಾಕ್ಯದಲ್ಲಿ ‘ಗಟ್ಟಿ ಮಸಾಲೆಗೆ ಗಟ್ಟಿ ವೈನ್’ ಎಂದು ಹೇಳಿ ಮುಗಿಸಿದೆ. ಈ ಸಲಹೆಯನ್ನು ನಾನು ಒಪ್ಪಲಾರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕಗಳನ್ನೇ ಕೆಣಕುತ್ತದೆ; ಮದ್ಯಸಾರವೂ ಅದೇ ಗ್ರಾಹಕಗಳನ್ನು ಮತ್ತಷ್ಟು ಸೂಕ್ಷ್ಮಗೊಳಿಸುತ್ತದೆ. ಶೇ 14 ಅಥವಾ 15ರಷ್ಟು ಮದ್ಯಸಾರವಿರುವ ಶಿರಾಜ್ ವೈನನ್ನು ಖಾರದ ಖಾದ್ಯದೊಂದಿಗೆ ಕುಡಿದರೆ ಉರಿಗೆ ಉರಿ ಸೇರಿ, ಅಡುಗೆ ಮಾಡಿದವರ ಶ್ರಮದಲ್ಲಿ ಯಾವ ರುಚಿಯೂ ನಾಲಿಗೆಗೆ ನಿಲುಕದಂತಾಗುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ‘ಕ್ಯಾಬಿನೆಟ್’ ಎಂಬ ಹಗುರ ದರ್ಜೆಯ ರೀಸ್ಲಿಂಗ್ ಬಿಳಿ ವೈನ್‌ಗಳಲ್ಲಿ ಅನೇಕವು ಶೇ 8ರಿಂದ 9ರಷ್ಟೇ ಮದ್ಯಸಾರವುಳ್ಳವು. ಅವುಗಳಲ್ಲಿ ಉಳಿದಿರುವ ಅಲ್ಪ ಸಿಹಿ ಖಾರವನ್ನು ತಣಿಸುತ್ತದೆ, ಚುರುಕಾದ ಹುಳಿ ಆ ಸಿಹಿಯನ್ನು ಅಂಟಾಗದಂತೆ ಕಾಯುತ್ತದೆ. ಸ್ವಲ್ಪ ಸಿಹಿಯಿರುವ ವೈನ್ ಎಂದರೆ ಅನುಭವವಿಲ್ಲದವರ ಆಯ್ಕೆ ಎಂಬ ತಾತ್ಸಾರ ಕೆಲವು ವಲಯಗಳಲ್ಲಿ ಇನ್ನೂ ಉಳಿದಿರುವುದು ವಿಷಾದದ ಸಂಗತಿ. ಖಾರದ ಮುಂದೆ ನಿಲ್ಲಬಲ್ಲ ಗುಣ ಇರುವುದು ಅಂತಹ ವೈನಿಗೇ.

ಹಾಗಾದರೆ ರೋಸ್ಟ್ ಮಾಡಿದ ಹಕ್ಕಿ, ಹಣ್ಣಿನ ಸಿಹಿ ಸಾಸ್, ಹುಳಿ ಹಿಂಡಿದ ಸಲಾಡ್, ಬೆಣ್ಣೆಯಲ್ಲಿ ಬಾಡಿಸಿದ ತರಕಾರಿ, ಅಣಬೆಯ ಗ್ರೇವಿ ಎಲ್ಲವೂ ಒಂದೇ ತಟ್ಟೆಗೆ ಬೀಳುವಾಗ ಏನು ಮಾಡಬೇಕು? ಪ್ರತಿ ಖಾದ್ಯಕ್ಕೂ ಒಂದೊಂದು ಬಾಟಲಿ ತೆರೆಯುವುದು ಉಪಾಹಾರ ಗೃಹಗಳಿಗೆ ಸಾಧ್ಯ, ಮನೆಗಳಿಗಲ್ಲ. ಯಾವುದರ ಜೊತೆಗೂ ಜಗಳವಾಡದ ಎರಡು ವೈನ್‌ಗಳನ್ನು ಆರಿಸಿ, ಎರಡನ್ನೂ ಮೇಜಿನ ಮೇಲಿಟ್ಟು, ಅತಿಥಿಗಳು ತಮಗೆ ಬೇಕಾದದ್ದನ್ನು ಸುರಿದುಕೊಳ್ಳುವಂತೆ ಬಿಡುವುದು ಮೇಲು. ಬಿಳಿಯದರಲ್ಲಿ ಹುಳಿ ಚೆನ್ನಾಗಿರುವ, ಓಕ್ ಪೀಪಾಯಿಯ ವಾಸನೆ ಮುಂದಾಗಿರದ ವೈನ್ ಇರಲಿ. ಕೆಂಪಿನಲ್ಲಿ ಫ್ರಾನ್ಸಿನ ಬೋಜೊಲೆ ಪ್ರಾಂತ್ಯದ ಗಮೇ ದ್ರಾಕ್ಷಿಯ ವೈನ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಒಗರು ಕಡಿಮೆ, ಹುಳಿ ಸಾಕಷ್ಟು, ಹಣ್ಣಿನ ಪರಿಮಳ ಧಾರಾಳ. ಪ್ರತಿ ವರ್ಷ ನವೆಂಬರ್ ತಿಂಗಳ ಮೂರನೆಯ ಗುರುವಾರ ಬಿಡುಗಡೆಯಾಗುವ ಬೋಜೊಲೆ ನೂವೋ ಎಂಬ ಎಳೆಯ ವೈನಿನ ಗದ್ದಲದಲ್ಲಿ ಅದೇ ಪ್ರಾಂತ್ಯದ ಮೋರ್ಗೊನ್, ಫ್ಲೂರಿ ಹಳ್ಳಿಗಳ ಹೆಚ್ಚು ಗಂಭೀರವಾದ ವೈನ್‌ಗಳು ಜನರ ಕಣ್ಣಿಗೆ ಬೀಳದೇ ಹೋಗುತ್ತವೆ. ಹಬ್ಬದೂಟಕ್ಕೆ ನನ್ನ ಮೊದಲ ಆಯ್ಕೆ ಅವೇ. ಸಲಾಡಿನಲ್ಲಿ ವಿನೆಗರ್ ಜೋರಾಗಿದ್ದರೆ ಮಾತ್ರ ಯಾವ ವೈನೂ ಸಪ್ಪೆಯಾಗುತ್ತದೆ. ಅಲ್ಲಿ ವೈನ್ ಬದಲಿಸುವುದಕ್ಕಿಂತ ವಿನೆಗರನ್ನು ಕಡಿಮೆ ಮಾಡುವುದೇ ಸರಿ.

ನೊರೆಯುಕ್ಕುವ ವೈನ್‌ಗಳನ್ನು ಲೇಖನವು ಶುಭಾಶಯದ ಗುಟುಕಿಗಷ್ಟೇ ಸೀಮಿತಗೊಳಿಸಿರುವುದು ಸರಿಯೆನಿಸಲಿಲ್ಲ. ಶಾಂಪೇನ್ ಮತ್ತು ಅದೇ ವಿಧಾನದಲ್ಲಿ, ಅಂದರೆ ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸಿ ತಯಾರಿಸಿದ ವೈನ್‌ಗಳಲ್ಲಿ ಹುಳಿಯೂ ಗುಳ್ಳೆಯೂ ಕೂಡಿ ನಾಲಿಗೆಯ ಮೇಲಿನ ಜಿಡ್ಡನ್ನು ತೊಳೆದುಬಿಡುತ್ತವೆ. ಕರಿದ ತಿಂಡಿ, ಉಪ್ಪುಪ್ಪಾದ ಚೀಸ್, ಬೆಣ್ಣೆಯ ಪದಾರ್ಥಗಳಿಗೆ ಇವುಗಳಷ್ಟು ಹೊಂದುವ ವೈನ್ ಇನ್ನೊಂದಿಲ್ಲ. ಆದರೆ ಇವುಗಳ ಲೇಬಲ್ಲು ಓದುಗರನ್ನು ದಾರಿ ತಪ್ಪಿಸುವಂತಿದೆ. ಯುರೋಪಿನ ನಿಯಮದಂತೆ ‘ಬ್ರೂಟ್’ ಎಂದು ಬರೆದಿದ್ದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೆ 12ರಿಂದ 17 ಗ್ರಾಂ, ಅಂದರೆ ಹೆಸರಿಗೆ ವ್ಯತಿರಿಕ್ತವಾಗಿ ಅದು ಬ್ರೂಟ್‌ಗಿಂತ ಸಿಹಿ. ‘ಡೆಮಿ ಸೆಕ್’ ಎಂದಿದ್ದರೆ 32ರಿಂದ 50 ಗ್ರಾಂ. ಲೇಖನದ ಕೋಷ್ಟಕದಲ್ಲಿ ಕೇಕಿನ ಎದುರು ಬ್ರೂಟ್ ಎಂದು ಬರೆಯಲಾಗಿದೆ. ಸಿಹಿ ತಿನಿಸಿನ ಜೊತೆಗೆ ಕೊಡುವ ವೈನ್ ಆ ತಿನಿಸಿನಷ್ಟಾದರೂ ಸಿಹಿಯಾಗಿರಬೇಕು, ಇಲ್ಲದಿದ್ದರೆ ಮೇಲೆ ಹೇಳಿದ ಸಕ್ಕರೆಯ ಪರೀಕ್ಷೆಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಎಲ್ಲ ಊಟಗಳ ಕೊನೆಗೂ ಬರುವ ಖಾದ್ಯವಿದು. ಈ ಒಂದು ಸಾಲನ್ನಾದರೂ ‘ಡೆಮಿ ಸೆಕ್’ ಎಂದು ತಿದ್ದಿ ಪ್ರಕಟಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಕಪ್ಪು ಚಾಕೊಲೇಟಿಗೆ ಪೋರ್ಟ್, ಉಪ್ಪಾದ ನೀಲಿ ಚೀಸಿಗೆ ಸೋಟರ್ನ್ ಎಂಬ ಸಿಹಿ ವೈನ್‌ಗಳನ್ನು ಲೇಖಕರು ಸೂಚಿಸಿರುವ ಜೋಡಿಗಳು ಮಾತ್ರ ನಿಜಕ್ಕೂ ಚೆನ್ನಾಗಿವೆ.

ಬಡಿಸುವಾಗಿನ ತಣ್ಪಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಕೋಣೆಗಳೇ ತಣ್ಣಗಿದ್ದ ಕಾಲದಲ್ಲಿ. ಒಲೆ ಉರಿದು, ಜನ ತುಂಬಿ, ಬೆಚ್ಚಗಾದ ಊಟದ ಮನೆಯಲ್ಲಿ ಅದನ್ನು ಹಾಗೆಯೇ ಇಟ್ಟರೆ ಮದ್ಯಸಾರದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ. ಗಾಢ ಕೆಂಪು ವೈನ್‌ಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್, ಗಮೇಯಂತಹ ಹಗುರ ಕೆಂಪಿಗೆ 12ರಿಂದ 14 ಡಿಗ್ರಿ ಸರಿಯಾದದ್ದು. ಬಡಿಸುವ ಅರ್ಧ ಗಂಟೆ ಮುಂಚೆ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರೆ ಸಾಕು. ಬಿಳಿ ವೈನಿನಲ್ಲಿ ಇದರ ವಿರುದ್ಧವಾದ ತಪ್ಪು ಆಗುತ್ತದೆ: ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಪರಿಮಳವೇ ಏಳುವುದಿಲ್ಲ, ಹತ್ತು ನಿಮಿಷ ಹೊರಗಿಟ್ಟು ಕೊಡುವುದು ಒಳ್ಳೆಯದು.

ಲೇಖನದಲ್ಲಿ ಸಂಪೂರ್ಣವಾಗಿ ಬಿಟ್ಟುಹೋಗಿರುವ ಒಂದು ಸಂಗತಿಯೆಂದರೆ ವೈನ್ ಕುಡಿಯದ ಅತಿಥಿಗಳದು. 750 ಮಿಲಿಲೀಟರಿನ ಒಂದು ಬಾಟಲಿಯಿಂದ 150 ಮಿಲಿಲೀಟರಿನ ಐದು ಲೋಟಗಳಾಗುತ್ತವೆ, ಶೇ 12ರ ವೈನಾದರೆ ಪ್ರತಿ ಲೋಟದಲ್ಲಿ ಸುಮಾರು 14 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಆರೋಗ್ಯಕ್ಕೆ ಪೂರ್ತಿ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ವಾಹನ ಓಡಿಸಬೇಕಾದವರು, ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ಕುಡಿಯುವುದೇ ಇಲ್ಲವೆಂದು ನಿರ್ಧರಿಸಿದವರು ಪ್ರತಿಯೊಂದು ದೊಡ್ಡ ಊಟದಲ್ಲೂ ಇರುತ್ತಾರೆ. ಅವರ ಮುಂದೆ ಅತಿಸಿಹಿಯ ತಂಪು ಪಾನೀಯವನ್ನಿಟ್ಟು ಕೈತೊಳೆದುಕೊಳ್ಳುವುದು ಆತಿಥ್ಯವಲ್ಲ. ಊಟಕ್ಕೆ ಹೊಂದುವ ಗುಣಗಳು ವೈನಿನ ಆಚೆಗೂ ಇವೆ: ಕಪ್ಪು ಚಹಾದ ಎಲೆಗಳನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿದರೆ ಹದವಾದ ಒಗರು ಸಿಗುತ್ತದೆ, ಅದು ಕೊಬ್ಬಿನ ಮಾಂಸಕ್ಕೆ ಒಪ್ಪುತ್ತದೆ; ಹುಳಿ ಸೇಬಿನ ರಸಕ್ಕೆ ಎರಡು ಪಾಲು ಸೋಡಾ ಬೆರೆಸಿದರೆ ಕರಿದ ತಿಂಡಿಗಳ ಜಿಡ್ಡನ್ನು ಅದು ಚೆನ್ನಾಗಿಯೇ ಕಳೆಯುತ್ತದೆ. ಇವುಗಳಿಗೂ ಹಿಂದಿನ ದಿನವೇ ಅಣಿಮಾಡಿಕೊಂಡು (ಸೋಡಾವನ್ನು ಮಾತ್ರ ಬಡಿಸುವಾಗಲೇ ಬೆರೆಸಿ), ಉಳಿದವರಿಗೆ ಕೊಡುವಂತಹ ಲೋಟಗಳಲ್ಲೇ, ಅದೇ ಸಮಯಕ್ಕೆ ಅವರಿಗೂ ಬಡಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ